ಗುಲ್ಮ ತೆಗೆದ ಮೇಲಿನ ಜ್ವರ: ನಾಗಮಂಗಲ ಕಡೆಯ ಕುರಿ ಸಾಕುವ ಮನೆಯೊಂದರ ಪ್ರಕರಣ

ಹೊಟ್ಟೆಯೊಳಗಿನ ಹುಳುಗಡ್ಡೆಗೆಂದು ಗುಲ್ಮವನ್ನು, ಅಂದರೆ ಸ್ಪ್ಲೀನನ್ನು, ಪೂರ್ತಿ ತೆಗೆಸಿಕೊಂಡ ತಾಯಿಯೊಬ್ಬರು ಆಪರೇಷನ್ ಅನ್ನು ಸಲೀಸಾಗಿಯೇ ದಾಟಿದರು. ವರ್ಷ ಕಳೆದು ಎರಡು ತಿಂಗಳಾಗಿತ್ತು, ಒಂದು ರಾತ್ರಿಯ ಚಳಿಜ್ವರ ಅವರನ್ನು ಸಾವಿನ ಬಾಗಿಲಿಗೆ ಒಯ್ದಿತು. ಅವರು ಉಳಿದದ್ದು ಹೇಗೆ, ಅಷ್ಟರ ಮಟ್ಟಿಗೆ ಹೋಗಿದ್ದಾದರೂ ಯಾಕೆ ಎಂಬುದನ್ನು ಬರೆದಿಡಬೇಕು ಅನಿಸಿತು. ಗುಲ್ಮ ತೆಗೆಸಿಕೊಂಡವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಬೈಕಿನಿಂದ ಬಿದ್ದು ಗುಲ್ಮ ಒಡೆದವರು, ಥಲಸ್ಸೀಮಿಯಾ ಮಕ್ಕಳು, ಪ್ಲೇಟ್‌ಲೆಟ್ ಕಾಯಿಲೆಯವರು. ಅವರಲ್ಲಿ ಬಹುಪಾಲು ಜನಕ್ಕೆ ತಮ್ಮ ಮೈಯಲ್ಲಿ ಏನು ಕಡಿಮೆಯಾಗಿದೆ ಎಂದು ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ. ರೋಗಿಯ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಬಂದದ್ದು ಯಾವ ದೂರಿನಿಂದ

ನಲವತ್ತರ ಆಸುಪಾಸಿನವರು. ಊರು ನಾಗಮಂಗಲ ತಾಲ್ಲೂಕಿನ ಮಳೆಯಾಶ್ರಿತ ಭಾಗ. ಮನೆಯಲ್ಲಿ ಕುರಿಮಂದೆ, ಮಂದೆ ಕಾಯಲು ಎರಡು ನಾಯಿ. ವರ್ಷದಿಂದ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದರು. ಮೈಸೂರಿನಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಗೆ ಬಂದಾಗ ಹೇಳಿದ್ದು ಇಷ್ಟು: "ಒಂದು ಮುದ್ದೆ ಉಣ್ತಿದ್ದೋಳು ಸಾ, ಈಗ ಅರ್ಧಕ್ಕೇ ಹೊಟ್ಟೆ ಬಿಗಿದುಕೊಳ್ತದೆ. ಎಡಪಕ್ಕೆ ಭಾರ."

ಅಷ್ಟು ಮಾತಿನಲ್ಲೇ ಅರ್ಧ ರೋಗನಿರ್ಣಯ ಇತ್ತು. ಜಠರದ ಎಡಕ್ಕೆ ಏನೋ ಬೆಳೆದು ಅದನ್ನು ಒತ್ತುತ್ತಿದ್ದರೆ ಸ್ವಲ್ಪ ಉಂಡರೂ ತುಂಬಿದಂತಾಗುತ್ತದೆ. ಮಲಗಿಸಿ ಕೈಯಿಟ್ಟು ನೋಡಿದರೆ ಎಡ ಪಕ್ಕೆಲುಬಿನ ಕೆಳಗೆ ಗಡ್ಡೆ, ಉಸಿರೆಳೆದಾಗ ಕೆಳಗಿಳಿಯುತ್ತಿತ್ತು. ಸ್ಕ್ಯಾನಿಂಗ್‌ನಲ್ಲಿ ಗುಲ್ಮದೊಳಗೆ 13 ಸೆಂಟಿಮೀಟರ್ ಅಗಲದ ನೀರುಗಡ್ಡೆ, ಅದರೊಳಗೆ ಮತ್ತೆ ಸಣ್ಣ ಸಣ್ಣ ಗುಳ್ಳೆಗಳು. ತಾಯಿಗಡ್ಡೆಯೊಳಗೆ ಮರಿಗಡ್ಡೆಗಳಿರುವ ಈ ಚಿತ್ರ ಹೈಡಾಟಿಡ್ ಎಂಬ ಲಾಡಿಹುಳು ಕಾಯಿಲೆಯದು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇದು ಸಿಇ2, ಹುಳು ಇನ್ನೂ ಜೀವಂತವಾಗಿರುವ ಹಂತ. ಸಿಟಿ ಸ್ಕ್ಯಾನ್‌ನಲ್ಲಿ ಈಲಿಯೂ (ಲಿವರ್) ಶ್ವಾಸಕೋಶವೂ ಸ್ವಚ್ಛ. ರಕ್ತದಲ್ಲಿ ಹೈಡಾಟಿಡ್ ಪ್ರತಿಕಾಯ (ಆಂಟಿಬಾಡಿ) ಪಾಸಿಟಿವ್.

ಇದು ಅಪರೂಪ. ಈ ಹುಳು ಸಾಮಾನ್ಯವಾಗಿ ಹತ್ತರಲ್ಲಿ ಏಳು ಜನರಲ್ಲಿ ಈಲಿಯಲ್ಲಿ ಕೂರುತ್ತದೆ, ಇನ್ನಿಬ್ಬರಲ್ಲಿ ಶ್ವಾಸಕೋಶದಲ್ಲಿ. ಗುಲ್ಮಕ್ಕೆ ಬರುವುದು ತೀರಾ ಕಡಿಮೆ.

"ನಾನು ಬಾಡು ತಿನ್ನೋದು ಬಿಟ್ಟು ವರ್ಷಗಳೇ ಆಯ್ತು, ನಂಗೆ ಹೆಂಗ್ ಬಂತು?" ಅಂತ ಕೇಳಿದರು. ಎಲ್ಲರೂ ಇಲ್ಲೇ ತಪ್ಪು ತಿಳಿಯುವುದು. ಎಕಿನೊಕಾಕಸ್ ಗ್ರಾನ್ಯುಲೋಸಸ್ ಎಂಬ ಈ ಲಾಡಿಹುಳು ಬೆಳೆದು ದೊಡ್ಡದಾಗುವುದು ನಾಯಿಯ ಕರುಳಿನಲ್ಲಿ. ದೊಡ್ಡದು ಅಂದರೂ ಬರೀ ಕೆಲವು ಮಿಲಿಮೀಟರ್. ಅದರ ಮೊಟ್ಟೆ ನಾಯಿಯ ಮಲದಲ್ಲಿ ಹೊರಬಂದು ಹುಲ್ಲಿಗೆ, ಮಣ್ಣಿಗೆ, ನಾಯಿಯ ಮೈಗೂದಲಿಗೆ ಅಂಟುತ್ತದೆ. ಮೇಯುವ ಕುರಿ ಅದನ್ನು ನುಂಗಿದರೆ ಕುರಿಯ ಈಲಿಯಲ್ಲಿ ಗಡ್ಡೆ. ಆ ಈಲಿಯನ್ನು ಹಸಿಯಾಗಿ ನಾಯಿಗೆ ಎಸೆದರೆ ನಾಯಿಯಲ್ಲಿ ಮತ್ತೆ ಹುಳು. ಈ ಸುತ್ತಿನ ನಡುವೆ ಮನುಷ್ಯ ಸಿಕ್ಕಿಕೊಳ್ಳುವುದು ನಾಯಿಯನ್ನು ಸವರಿದ ಕೈಯನ್ನು ತೊಳೆಯದೆ ಉಂಡಾಗ, ಅಥವಾ ಮೊಟ್ಟೆ ಬಿದ್ದ ಸೊಪ್ಪನ್ನು ಹಸಿಯಾಗಿ ತಿಂದಾಗ. ಕುರಿಮಾಂಸ ತಿಂದದ್ದರಿಂದ ಮನುಷ್ಯನಿಗೆ ಹೈಡಾಟಿಡ್ ಬರುವುದಿಲ್ಲ.

ಹಬ್ಬಕ್ಕೆ ಮರಿ ಕುಯ್ಯುವಾಗ ಈಲಿಯಲ್ಲಿ ನೀರುಗುಳ್ಳೆ ಕಂಡರೆ ಏನು ಮಾಡುತ್ತೀರಿ ಎಂದು ಅವರ ಯಜಮಾನರನ್ನು ಕೇಳಿದೆ. "ಅದ ಯಾರ್ ತಿಂತಾರೆ ಸಾ, ನಾಯಿಗೆ ಹಾಕ್ತೀವಿ" ಅಂದರು.

ಲಸಿಕೆ, ಆಮೇಲೆ ಚಾಕು

ಹೈಡಾಟಿಡ್ ಗಡ್ಡೆಗೆಲ್ಲ ಆಪರೇಷನ್ನೇ ಬೇಕೆಂದಿಲ್ಲ. ಚಿಕ್ಕದಿದ್ದರೆ ಆಲ್ಬೆಂಡಜೋಲ್ ಮಾತ್ರೆ, ಈಲಿಯದಾದರೆ ಸೂಜಿ ಹಾಕಿ ನೀರು ತೆಗೆದು ಔಷಧ ಬಿಡುವ ವಿಧಾನ, ತಾನಾಗಿ ಸುಣ್ಣಗಟ್ಟಿದ್ದರೆ ಬರೀ ಕಾಯುವುದು. ಇಲ್ಲಿ ಗಡ್ಡೆ ದೊಡ್ಡದಿತ್ತು, ಒಳಗೆ ಮರಿಗಡ್ಡೆಗಳಿದ್ದವು. ಕುರಿ ಗುದ್ದಿಯೋ ಎಡವಿ ಬಿದ್ದೋ ಅದು ಹೊಟ್ಟೆಯೊಳಗೆ ಒಡೆದರೆ ಮೈಗೆ ಒಗ್ಗದ ಆ ನೀರಿನಿಂದಲೇ ಅನಾಫಿಲ್ಯಾಕ್ಸಿಸ್ ಎಂಬ ತೀವ್ರ ಅಲರ್ಜಿ ಆಗಿ ಪ್ರಾಣ ಹೋಗಬಹುದು. ಅದೃಷ್ಟಕ್ಕೆ ಬದುಕಿದರೂ ಹೊಟ್ಟೆ ತುಂಬ ಹೊಸ ಗಡ್ಡೆಗಳ ಬಿತ್ತನೆ ಆಗುತ್ತದೆ.

ಗುಲ್ಮದ ಒಂದು ಭಾಗವನ್ನಾದರೂ ಉಳಿಸಬಹುದೇ ಎಂದು ಸರ್ಜನ್ ಜೊತೆ ಸಾಕಷ್ಟು ಚರ್ಚೆಯಾಯಿತು. ಇತ್ತೀಚೆಗೆ ಸಾಧ್ಯವಾದಲ್ಲೆಲ್ಲ ಹೀಗೇ ಮಾಡುವುದು, ಅದೇ ಸರಿ ಕೂಡ. ಆದರೆ ಗಡ್ಡೆ ರಕ್ತನಾಳಗಳು ಒಳಹೋಗುವ ಬಾಯಲ್ಲೇ ಕೂತಿತ್ತು. ಅಲ್ಲಿ ಬಿಡಿಸಲು ಹೋದರೆ ರಕ್ತವೂ ಹರಿಯಬಹುದು, ಗಡ್ಡೆಯೂ ಒಡೆಯಬಹುದು. ಪೂರ್ತಿ ತೆಗೆಯುವುದೆಂದು ತೀರ್ಮಾನವಾಯಿತು.

ಗುಲ್ಮವಿಲ್ಲದವರಿಗೆ ಕೆಲವು ಬ್ಯಾಕ್ಟೀರಿಯಾಗಳ ಸೋಂಕು ಪ್ರಾಣಕ್ಕೇ ಎರವಾಗಬಹುದು, ಹಾಗಾಗಿ ಹೀಗೆ ತೀರ್ಮಾನವಾದ ದಿನವೇ ಲಸಿಕೆಯ ಮಾತು ಎತ್ತಬೇಕು. ಡಿಸ್ಚಾರ್ಜ್ ದಿನಕ್ಕೆ ಬಿಡುವ ವಿಷಯ ಇದಲ್ಲ. ಗುಲ್ಮ ಮೈಯಲ್ಲಿರುವಾಗಲೇ ಲಸಿಕೆ ಕೊಟ್ಟರೆ ಪ್ರತಿಕಾಯ ತಯಾರಿಸಲು ಅದೂ ಕೈಜೋಡಿಸುತ್ತದೆ, ಹಾಗಾಗಿ ಆಪರೇಷನ್‌ಗೆ ಕನಿಷ್ಠ 2 ವಾರ ಮೊದಲು ಕೊಡಬೇಕು. ಅಪಘಾತದಂಥ ತುರ್ತಿನಲ್ಲಿ ತೆಗೆದಿದ್ದರೆ ಆಪರೇಷನ್ ಆಗಿ 2 ವಾರ ಬಿಟ್ಟು. ಈ ತಾಯಿಗೆ ಹೇಗೂ ಆಪರೇಷನ್‌ಗೆ ಮುಂಚೆ ಕೆಲವು ವಾರ ಆಲ್ಬೆಂಡಜೋಲ್ ಕೊಟ್ಟು ಹುಳುವನ್ನು ಕುಂದಿಸಬೇಕಿತ್ತು, 400 ಮಿಲಿಗ್ರಾಂ ದಿನಕ್ಕೆರಡು ಸಲ, ಜಿಡ್ಡಿರುವ ಊಟದ ಜೊತೆ, ಇಲ್ಲದಿದ್ದರೆ ಮೈಗೆ ಹತ್ತುವುದಿಲ್ಲ. ಆ ಅವಧಿಯಲ್ಲೇ ಮೂರು ಬ್ಯಾಕ್ಟೀರಿಯಾಗಳ ವಿರುದ್ಧ ಮೂರು ಲಸಿಕೆ ಕೊಟ್ಟೆವು: ನ್ಯೂಮೊಕಾಕಸ್‌ನ 13 ತಳಿಗಳ ವಿರುದ್ಧದ್ದು, ಮೆನಿಂಜೊಕಾಕಸ್‌ನ ವಿರುದ್ಧದ್ದು, ಹಿಬ್ (ಹೀಮೊಫಿಲಸ್ ಇನ್ಫ್ಲುಯೆಂಜಾ ಬಿ) ವಿರುದ್ಧದ್ದು. ನ್ಯೂಮೊಕಾಕಸ್‌ನ 23 ತಳಿಗಳ ಇನ್ನೊಂದು ಲಸಿಕೆಯನ್ನು 8 ವಾರ ಬಿಟ್ಟು ಕೊಡಬೇಕು ಎಂದು ಬರೆದುಕೊಟ್ಟೆವು.

ಆಪರೇಷನ್ ಖರ್ಚು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಹೋಯಿತು. ಲಸಿಕೆಯ ದುಡ್ಡು ಮನೆಯವರೇ ಹೊಂದಿಸಿದರು, ಎರಡು ಟಗರು ಮಾರಿ. ಮಕ್ಕಳಿಗೆ ಸರ್ಕಾರ ನ್ಯೂಮೊಕಾಕಸ್ ಲಸಿಕೆಯನ್ನು ಉಚಿತವಾಗಿ ಕೊಡುತ್ತದೆ, ಒಳ್ಳೆಯ ಕೆಲಸ. ಗುಲ್ಮವಿಲ್ಲದ ದೊಡ್ಡವರು ಅದನ್ನು ಕೊಳ್ಳಬೇಕು. ಗುಲ್ಮ ತೆಗೆಯಲು ಹಣ ಕೊಡುವ ಯೋಜನೆ ಗುಲ್ಮ ಹೋದ ಮೇಲೆ ಬದುಕಿಸುವ ಸೂಜಿಗೂ ಹಣ ಕೊಡಬೇಕು. ಅದನ್ನು ಆಪರೇಷನ್ ಪ್ಯಾಕೇಜಿನೊಳಗೇ ಸೇರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆಪರೇಷನ್ ವಿಚಾರ ಬೇಗ ಮುಗಿಸುತ್ತೇನೆ, ಅದು ಸರಾಗವಾಗಿ ಆಯಿತು. ಸುತ್ತಲೂ ಗಾಢ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಹಾಸಿ, ಗಡ್ಡೆಯನ್ನು ಎಲ್ಲೂ ಒಡೆಯದೆ ಗುಲ್ಮದ ಸಮೇತ ಹೊರತೆಗೆದರು. ಸ್ಟೀಲ್ ಟ್ರೇಯಲ್ಲಿಟ್ಟು ಕೊಯ್ದಾಗ ಒಳಗಿನ ಬಿಳಿ ಪೊರೆ ಪದರ ಪದರವಾಗಿ ಸುಲಿದು ಬಂತು. ಕಡಲೆ ಗಾತ್ರದಿಂದ ನಿಂಬೆ ಗಾತ್ರದವರೆಗಿನ ಮರಿಗಡ್ಡೆಗಳು ತಿಳಿನೀರಿನೊಂದಿಗೆ ಉರುಳಿದವು. ನಿಜವಾದ ಗುಲ್ಮ ಉಳಿದಿದ್ದದ್ದು ಒಂದು ಬದಿಯಲ್ಲಿ, ಎರಡು ಬೆರಳಗಲದ ಕೆಂಪು ಪಟ್ಟಿಯಷ್ಟು.

ಅಷ್ಟು ಚಿಕ್ಕ ಪಟ್ಟಿಯೂ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ನಮ್ಮ ಹತ್ತಿರ ಪುರಾವೆ ಇತ್ತು. ಕೆಂಪು ರಕ್ತಕಣ ಮಜ್ಜೆಯಿಂದ ಹೊರಬರುವಾಗ ಕೆಲವೊಮ್ಮೆ ಕೋಶಕೇಂದ್ರದ ಚೂರು ಅದರಲ್ಲಿ ಉಳಿದಿರುತ್ತದೆ. ಅದಕ್ಕೆ ಹೋವೆಲ್–ಜಾಲಿ ಕಾಯ ಎನ್ನುತ್ತಾರೆ. ಗುಲ್ಮ ಇದ್ದರೆ ಆ ಚೂರನ್ನು ಕಿತ್ತು ತೆಗೆದು ಕಣವನ್ನು ಮುಂದೆ ಬಿಡುತ್ತದೆ. ಆಪರೇಷನ್‌ಗೆ ಮುಂಚಿನ ರಕ್ತದ ಸ್ಮಿಯರ್‌ನಲ್ಲಿ, ಅಂದರೆ ಗಾಜಿನ ಮೇಲೆ ತೆಳುವಾಗಿ ಸವರಿ ನೋಡಿದ ರಕ್ತದಲ್ಲಿ, ಒಂದೂ ಇರಲಿಲ್ಲ. ಆಪರೇಷನ್ ಆಗಿ ವಾರ ಕಳೆಯುವಷ್ಟರಲ್ಲಿ ಕಾಣತೊಡಗಿದವು. ಪ್ಲೇಟ್‌ಲೆಟ್ 9 ಲಕ್ಷಕ್ಕೆ ಏರಿತು, ಇದೂ ನಿರೀಕ್ಷಿತವೇ. ರಕ್ತ ಹೆಪ್ಪುಗಟ್ಟದಂತೆ ಕೆಲವು ವಾರ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟೆವು.

ಹೊರಡುವಾಗ ಕೈಗೆ ಕೊಟ್ಟದ್ದು ದಿನವೂ ನುಂಗುವ ಪೆನಿಸಿಲಿನ್ ಮಾತ್ರೆ, ತುರ್ತಿಗೆಂದು ಬೇರೆ ಪೊಟ್ಟಣದಲ್ಲಿ ಅಮಾಕ್ಸಿಸಿಲಿನ್–ಕ್ಲಾವುಲನೇಟ್, ಮತ್ತು ಒಂದು ಲ್ಯಾಮಿನೇಟ್ ಮಾಡಿದ ಚೀಟಿ. ಚೀಟಿಯಲ್ಲಿ ಕನ್ನಡದಲ್ಲೇ ಬರೆದಿತ್ತು: "ಈ ವ್ಯಕ್ತಿಗೆ ಗುಲ್ಮ ಇಲ್ಲ. ಚಳಿಜ್ವರ ಬಂದರೆ ಇದು ತುರ್ತುಸ್ಥಿತಿ. ಪರೀಕ್ಷೆಯ ವರದಿಗೆ ಕಾಯದೆ ತಕ್ಷಣ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡಿ." ಪಿಯುಸಿ ಓದುತ್ತಿದ್ದ ಮಗ ಅದರ ಫೋಟೋ ತೆಗೆದುಕೊಂಡ.

ಆ ರಾತ್ರಿ

ಸಂಕ್ರಾಂತಿ ಕಳೆದ ವಾರ. ಎರಡು ದಿನದಿಂದ ನೆಗಡಿ, ಒಣಕೆಮ್ಮು. ಸಂಜೆ ಕುರಿ ರೊಪ್ಪಕ್ಕೆ ಕೂಡಿ ಬರುವಾಗ ಮೈಕೈ ನೋವು, ಕತ್ತಲಾಗುವಷ್ಟರಲ್ಲಿ ಹಲ್ಲು ಕಟಕಟ ಅನ್ನುವ ನಡುಕ. ಹತ್ತಿರದ ಕ್ಲಿನಿಕ್ಕಿಗೆ ಹೋದರು. ಅಲ್ಲಿ ಜ್ವರದ ಇಂಜೆಕ್ಷನ್, ಪ್ಯಾರಾಸಿಟಮಾಲ್, "ವೈರಲ್ ಇರಬೇಕು, ನಾಳೆ ನೋಡೋಣ". ಗುಲ್ಮ ಇರುವ ಯಾರಿಗಾದರೂ ಆ ಮಾತು ತಪ್ಪೇನಲ್ಲ. ಹೊಟ್ಟೆಯ ಮೇಲಿನ ಗಾಯದ ಗುರುತು ಸೀರೆಯೊಳಗಿತ್ತು, ಕೇಳಲಿಲ್ಲ, ಹೇಳಲಿಲ್ಲ.

ಹನ್ನೊಂದರ ಹೊತ್ತಿಗೆ ವಾಂತಿ ಶುರುವಾಗಿ ಮಾತು ತೊದಲಿತು. ಮಗನಿಗೆ ಆಗ ಫೋಟೋ ನೆನಪಾಯಿತು. ತುರ್ತು ಮಾತ್ರೆ ಕೊಟ್ಟ, ಅದೂ ವಾಂತಿಯಲ್ಲಿ ಹೋಯಿತು. ಪಕ್ಕದ ಮನೆಯವರ ಗೂಡ್ಸ್ ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಬಿಪಿ 80/50, ನಾಡಿ 130, ಪಾದದ ಮೇಲೆ ನೇರಳೆ ಚುಕ್ಕಿಗಳು. ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯೆ ಫೋನಿನ ಪರದೆ ಓದಿದರು, ರಕ್ತಪರೀಕ್ಷೆಗೆಂದು ಒಂದು ಟ್ಯೂಬ್ ರಕ್ತ ತೆಗೆದರು, ಮರುಕ್ಷಣ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ 2 ಗ್ರಾಂ ನರಕ್ಕೆ ಕೊಟ್ಟು ಸಲೈನ್ ಹರಿಯಬಿಟ್ಟರು. ಆಮೇಲೆ ನಮಗೆ ಫೋನ್, 108ರಲ್ಲಿ ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ. ತೆಗೆದ ಟ್ಯೂಬನ್ನು ರೋಗಿಯ ಜೊತೆಯಲ್ಲೇ ಕಳಿಸಿದರು.

ಮೂರು ಗಂಟೆಗೆ ನಮ್ಮ ಲ್ಯಾಬಿನ ವೈದ್ಯರು ಆ ಟ್ಯೂಬಿನ ರಕ್ತದಿಂದ ಸ್ಮಿಯರ್ ಮಾಡಿ ನನ್ನನ್ನು ಸೂಕ್ಷ್ಮದರ್ಶಕದ ಹತ್ತಿರ ಕರೆದರು. ಒಂದೇ ನೋಟದಲ್ಲಿ ಎರಡು ಸಂಗತಿ. ಕೆಂಪುಕಣಗಳಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕಿಯ ಹೋವೆಲ್–ಜಾಲಿ ಕಾಯಗಳು. ಬಿಳಿಕಣಗಳ ಒಳಗೂ ಪಕ್ಕದಲ್ಲೂ ಜೋಡಿಜೋಡಿಯಾಗಿ ನೀಲಿ ದುಂಡು ಬ್ಯಾಕ್ಟೀರಿಯಾಗಳು, ಸುತ್ತ ಬಣ್ಣ ಹಿಡಿಯದ ತೆಳು ಬಿಳುಪು. ಸಾಮಾನ್ಯ ರಕ್ತದ ಸೋಂಕಿನಲ್ಲಿ ಬ್ಯಾಕ್ಟೀರಿಯಾ ಬರಿಯ ಸ್ಮಿಯರ್‌ನಲ್ಲಿ ಕಾಣುವುದೇ ಇಲ್ಲ. ಕಲ್ಚರ್ ಬಾಟಲಿಯಲ್ಲಿ ಬೆಳೆಸಿ ನೋಡಬೇಕು. ಕಣ್ಣಿಗೆ ಕಾಣುವಷ್ಟಿದೆ ಎಂದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಹತ್ತು ಲಕ್ಷದ ಲೆಕ್ಕದಲ್ಲಿವೆ ಎಂದರ್ಥ. ನಮ್ಮಲ್ಲಿ ತೆಗೆದ ಕಲ್ಚರ್‌ನಲ್ಲಿ ಮಾತ್ರ ಏನೂ ಬೆಳೆಯಲಿಲ್ಲ, ಅಷ್ಟರಲ್ಲಿ ಸೆಫ್ಟ್ರಿಯಾಕ್ಸೋನ್ ಕೆಲಸ ಶುರುಮಾಡಿತ್ತು. ಮೂತ್ರದ ನ್ಯೂಮೊಕಾಕಸ್ ಆಂಟಿಜೆನ್ ಪರೀಕ್ಷೆ ಪಾಸಿಟಿವ್ ಬಂದು ರೋಗಾಣು ಯಾವುದೆಂದು ಖಚಿತವಾಯಿತು.

ಕಲ್ಚರ್ ಹಾಳಾಯಿತಲ್ಲ ಎಂದು ಆಮೇಲೆ ಯಾರೋ ಗೊಣಗಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಕಲ್ಚರ್ ಬಾಟಲಿ ಹುಡುಕುತ್ತಾ ಕೂತಿದ್ದರೆ ವರದಿ ಚೆಂದ ಬರುತ್ತಿತ್ತು, ರೋಗಿ ಬರುತ್ತಿರಲಿಲ್ಲ. ಆ ವೈದ್ಯೆ ಮಾಡಿದ್ದೇ ಸರಿ.

ಐಸಿಯುನಲ್ಲಿ ವ್ಯಾಂಕೊಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಸೇರಿಸಿದೆವು, ಬಿಪಿ ಏರಿಸಲು ನಾರ್‌ಅಡ್ರೆನಲಿನ್ ಹಾಕಿದೆವು. ಪ್ಲೇಟ್‌ಲೆಟ್ 42,000ಕ್ಕೆ ಇಳಿದಿತ್ತು. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 2.8 ಮುಟ್ಟಿ ಡಯಾಲಿಸಿಸ್ ಬೇಡದೆಯೇ ಹಿಂದಕ್ಕೆ ಬಂತು. ಡೆಂಗಿ ಇಲ್ಲ, ಮಲೇರಿಯಾ ಇಲ್ಲ. ಮೂರನೇ ವಾರ ಮನೆಗೆ ಹೊರಟಾಗ ಬಲಗಾಲಿನ ಎರಡು ಬೆರಳ ತುದಿ ಕಪ್ಪಾಗಿ ಒಣಗಿದ್ದವು. ಆ ರಾತ್ರಿ ಮೈಮೇಲೆ ಉಳಿಸಿಹೋದ ಗುರುತು ಅಷ್ಟೇ.

ನೂರೈವತ್ತು ಗ್ರಾಮಿನ ಅಂಗ ಮಾಡುತ್ತಿದ್ದ ಕೆಲಸ

ಗುಲ್ಮ ಇಲ್ಲದೆಯೂ ಬದುಕಬಹುದು ಎನ್ನುತ್ತೇವೆ, ನಿಜ. ಸುಮಾರು 150 ಗ್ರಾಂ ತೂಗುವ ಈ ಅಂಗ ಮಾಡುವ ಕೆಲಸದಲ್ಲಿ ಹೆಚ್ಚಿನದನ್ನು ಈಲಿ, ಮಜ್ಜೆ, ದುಗ್ಧಗ್ರಂಥಿಗಳು ಹಂಚಿಕೊಳ್ಳುತ್ತವೆ. ಯಾರಿಂದಲೂ ಪೂರ್ತಿ ತುಂಬಿಕೊಡಲಾಗದ ಕೆಲಸ ಒಂದಿದೆ.

ನ್ಯೂಮೊಕಾಕಸ್, ಮೆನಿಂಜೊಕಾಕಸ್, ಹಿಬ್ ಈ ಮೂರೂ ಸಕ್ಕರೆಯಂಶದ ದಪ್ಪ ಕವಚ ತೊಟ್ಟ ಬ್ಯಾಕ್ಟೀರಿಯಾಗಳು. ರೋಗಾಣುಗಳನ್ನು ನುಂಗುವ ಭಕ್ಷಕ ಕಣಗಳಿಗೆ ಇವು ಎಣ್ಣೆ ಸವರಿಕೊಂಡ ಜಟ್ಟಿಯಂತೆ, ಹಿಡಿಯ ಹೋದರೆ ಜಾರುತ್ತವೆ. ಪ್ರತಿಕಾಯ ಮತ್ತು ಕಾಂಪ್ಲಿಮೆಂಟ್ ಎಂಬ ಪ್ರೋಟೀನ್‌ಗಳು ಮೊದಲು ಕವಚಕ್ಕೆ ಅಂಟಿಕೊಂಡರೆ ಆಗ ಹಿಡಿತ ಸಿಗುತ್ತದೆ. ಚೆನ್ನಾಗಿ ಅಂಟಿದ್ದರೆ ಈಲಿಯೇ ಅವನ್ನು ಹಿಡಿದು ನುಂಗೀತು. ಅರೆಬರೆ ಅಂಟಿದ್ದನ್ನೂ ಹಿಡಿಯಬಲ್ಲದ್ದು ಗುಲ್ಮ, ಯಾಕೆಂದರೆ ಅಲ್ಲಿ ರಕ್ತ ನಿಧಾನವಾಗಿ ಭಕ್ಷಕ ಕಣಗಳ ಸಂದಿಯಲ್ಲೇ ತೂರಿ ಹೋಗಬೇಕು. ಜೊತೆಗೆ, ಸಕ್ಕರೆಯಂಶದ ಕವಚ ಕಂಡೊಡನೆ ಐಜಿಎಂ ಪ್ರತಿಕಾಯವನ್ನು ಮೊದಲ ಗಂಟೆಗಳಲ್ಲೇ ಸುರಿಯುವ ವಿಶೇಷ ಬಿ ಕಣಗಳು ನೆಲೆಸಿರುವುದು ಗುಲ್ಮದ ಅಂಚಿನ ವಲಯದಲ್ಲಿ. ಗುಲ್ಮ ಹೋದರೆ ಆ ಕಣಗಳೂ ಸೊರಗುತ್ತವೆ. ಮೊದಲೇ ಲಸಿಕೆ ಹಾಕಿಸಿ ಪ್ರತಿಕಾಯದ ದಾಸ್ತಾನು ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಈ ತಾಯಿ ಚೇತರಿಸಿಕೊಂಡ ಮೇಲೆ ಇಮ್ಯುನೊಗ್ಲಾಬ್ಯುಲಿನ್ ಪರೀಕ್ಷೆ, ಅಂದರೆ ಪ್ರತಿಕಾಯಗಳ ಅಳತೆ, ಮಾಡಿಸಿದೆವು. ಐಜಿಜಿ ಸರಿಯಾಗಿತ್ತು, ಐಜಿಎಂ ಮಾತ್ರ ಮಾಮೂಲಿಗಿಂತ ಕೆಳಗೆ. ರೋಗನಿರೋಧಕ ಬಿಳಿಕಣಗಳಲ್ಲೊಂದು ಬಗೆಯಾದ ಟಿ ಕಣಗಳ ಸಂಖ್ಯೆಯಲ್ಲಿ ಕೊರತೆ ಇರಲಿಲ್ಲ. ಅವರ ಮೈಯ ಕಾವಲು ಎಲ್ಲ ಕಡೆಯೂ ಕುಸಿದಿಲ್ಲ, ಕವಚದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದಾಗಿನ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಅದು ಬರಿದು. ಹಾಗಾಗಿಯೇ ದಿನನಿತ್ಯ ಆರೋಗ್ಯವಾಗಿ ಕಾಣುತ್ತಾರೆ, ನೆಗಡಿ ಕೆಮ್ಮು ಎಲ್ಲರಿಗಿಂತ ಹೆಚ್ಚೇನೂ ಬರುವುದಿಲ್ಲ, ಕುರಿ ಹಿಂದೆ ಮೈಲಿಗಟ್ಟಲೆ ನಡೆಯುತ್ತಾರೆ. ಬಂದದ್ದೇ ಆದರೆ ಒಂದೇ ರಾತ್ರಿಯಲ್ಲಿ ಬರುತ್ತದೆ.

1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶುಮಾಕರ್, ಗುಲ್ಮ ತೆಗೆದ ಹಸುಳೆಗಳಲ್ಲಿ ಇಂಥ ಸೋಂಕನ್ನು ಗುರುತಿಸಿ ಬರೆದ ಮೇಲೆ ವೈದ್ಯಲೋಕ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ಇವತ್ತಿಗೂ ಈ ಸೋಂಕು ಹಿಡಿದವರಲ್ಲಿ ಅರ್ಧದಷ್ಟು ಜನ ಉಳಿಯುವುದಿಲ್ಲ, ಎಷ್ಟೋ ಸಲ 48 ಗಂಟೆಯೊಳಗೇ. ಮೊದಲ ಎರಡು ಮೂರು ವರ್ಷ ಅಪಾಯ ಹೆಚ್ಚು, ಆದರೆ ದಶಕಗಳ ಮೇಲೂ ಬಂದದ್ದಿದೆ.

ಎಲ್ಲಿ ಸಡಿಲವಾಯಿತು ಎಂದು ಕೂತು ನೋಡಿದಾಗ ಎರಡು ಸಿಕ್ಕವು. 8 ವಾರದ ಮೇಲಿನ ಲಸಿಕೆಗೆ ಬಂದಿರಲಿಲ್ಲ, ಕೈಯಲ್ಲಿ ದುಡ್ಡಿರಲಿಲ್ಲ. ಪೆನಿಸಿಲಿನ್ ನಾಲ್ಕು ತಿಂಗಳಿಗೆ ನಿಂತಿತ್ತು. ಮಂಡ್ಯದ ಅಂಗಡಿಗಳಲ್ಲಿ ಕೇಳಿದರೆ ಸ್ಟಾಕ್ ಇಲ್ಲ ಅಂದರಂತೆ, "ಚೆನ್ನಾಗೇ ಇದ್ದೀನಲ್ಲ, ಇನ್ಯಾಕೆ" ಎಂದು ಸುಮ್ಮನಾದರು. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಎಲ್ಲ ಲಸಿಕೆ ಆದವರಿಗೂ ಲಸಿಕೆಯಲ್ಲಿಲ್ಲದ ತಳಿಯಿಂದ ಸೋಂಕು ಬರಬಹುದು. ಇವರಿಗೆ ಬಂದ ತಳಿ ಯಾವುದೆಂದು ಕಲ್ಚರ್ ಇಲ್ಲದೆ ಹೇಳಲಾಗದು. ಲಸಿಕೆ ಒಂದು, ದಿನದ ಮಾತ್ರೆ ಒಂದು, ಜ್ವರ ಬಂದ ಕೂಡಲೇ ಇಂಜೆಕ್ಷನ್ ಒಂದು, ಈ ಮೂರರಲ್ಲಿ ಮೊದಲೆರಡು ಸಡಿಲವಾದಾಗ ಮೂರನೆಯದು ಕೈ ಹಿಡಿಯಿತು.

ಹುಳುವಿನ ಪಾಲು ಎಷ್ಟು

ಪರಾವಲಂಬಿ ಹುಳುವೇ ಮೈಯ ಶಕ್ತಿ ಕುಂದಿಸಿತ್ತೇ ಎಂದು ನಮ್ಮ ಪಿಜಿ ವಿದ್ಯಾರ್ಥಿಗಳು ಕೇಳಿದರು. ಒಳ್ಳೆಯ ಪ್ರಶ್ನೆ. ಹೈಡಾಟಿಡ್ ಹುಳು ವರ್ಷಗಟ್ಟಲೆ ಮನುಷ್ಯನೊಳಗೆ ಬದುಕುವುದೇ ನಮ್ಮ ನಿರೋಧಕ ವ್ಯವಸ್ಥೆಯನ್ನು ತಣ್ಣಗಿರಿಸಿ. ಇಂಟರ್‌ಲ್ಯೂಕಿನ್-10ರಂಥ ಶಮನಕಾರಿ ಸಂಕೇತಗಳನ್ನು ಹೆಚ್ಚಿಸಿ, ಟಿ ಕಣಗಳ ಒಲವನ್ನು ಟಿಎಚ್2 ಎಂಬ ಬಗೆಯ ಪ್ರತಿಕ್ರಿಯೆಯ ಕಡೆಗೆ ತಿರುಗಿಸುತ್ತದೆ. ಆದರೆ ಆಪರೇಷನ್ ಆಗಿ ವರ್ಷವಾಗಿತ್ತು, ಗಡ್ಡೆ ಇಡಿಯಾಗಿ ಹೊರಬಂದಿತ್ತು. ಆ ರಾತ್ರಿಯ ಹೊಣೆಯನ್ನು ನಾನು ಹುಳುವಿನ ಮೇಲೆ ಹೊರಿಸುವುದಿಲ್ಲ, ಗುಲ್ಮ ಇಲ್ಲದ್ದರ ಮೇಲೆ ಹೊರಿಸುತ್ತೇನೆ.

ಐಸಿಯುನಲ್ಲಿದ್ದಾಗ ಯಾರೋ ಹೈಡಾಟಿಡ್ ಪ್ರತಿಕಾಯವನ್ನೂ ಮತ್ತೊಮ್ಮೆ ಮಾಡಿಸಿದ್ದರು, ಇನ್ನೂ ಪಾಸಿಟಿವ್. ಕಾಯಿಲೆ ಮರುಕಳಿಸಿತೆಂದು ಮನೆಯವರ ಎದೆ ಒಡೆಯಿತು. ಪ್ರತಿಕಾಯ ಗಡ್ಡೆ ತೆಗೆದ ಮೇಲೂ ವರ್ಷಗಳವರೆಗೆ ರಕ್ತದಲ್ಲಿ ಉಳಿಯುತ್ತದೆ. ಮರುಕಳಿಸಿದೆಯೇ ಎಂದು ಹೇಳಬೇಕಾದದ್ದು ಸ್ಕ್ಯಾನಿಂಗ್. ಸ್ಕ್ಯಾನಿಂಗ್ ಸ್ವಚ್ಛವಾಗಿತ್ತು.

ಪರಾವಲಂಬಿ ರೋಗ ಮತ್ತು ಗುಲ್ಮದ ಆಪರೇಷನ್ ಎಂದರೆ ಜಗತ್ತಿನ ಬೇರೆಡೆ ಮೊದಲು ನೆನಪಾಗುವುದು ಶಿಸ್ಟೊಸೋಮಿಯಾಸಿಸ್. ಚೀನಾ, ಈಜಿಪ್ಟ್, ಬ್ರೆಜಿಲ್‌ಗಳಲ್ಲಿ ಆ ಹುಳುವಿನ ಮೊಟ್ಟೆಗಳು ಈಲಿಯನ್ನು ಗಡುಸಾಗಿಸಿ, ರಕ್ತದ ಒತ್ತಡ ಹಿಂದಕ್ಕೆ ಬಿದ್ದು ಗುಲ್ಮ ಊದಿ, ಅನ್ನನಾಳದಲ್ಲಿ ರಕ್ತಸ್ರಾವವಾಗುತ್ತದೆ. ಅಲ್ಲಿ ಗುಲ್ಮ ತೆಗೆದ ಕೂಡಲೇ ಪ್ಲೇಟ್‌ಲೆಟ್, ಬಿಳಿಕಣ ಏರಿ ರೋಗಿ ಲವಲವಿಕೆಯಾಗುವುದುಂಟು. ಏರಿದ ಆ ಸಂಖ್ಯೆ ನೋಡಿ ರೋಗನಿರೋಧಕ ಶಕ್ತಿ ಹೆಚ್ಚಿತು ಎಂದುಕೊಂಡರೆ ಕೆಟ್ಟೆವು. ರಕ್ತದಲ್ಲಿ ಬಿಳಿಕಣ ಎಷ್ಟೇ ಇರಲಿ, ಕವಚದ ಬ್ಯಾಕ್ಟೀರಿಯಾದ ಮುಂದೆ ಗುಲ್ಮವಿಲ್ಲದವರೆಲ್ಲರಿಗೂ ಅಪಾಯ ಇದ್ದೇ ಇದೆ.

ನಮ್ಮ ಸೀಮೆಗೆ ಗುಲ್ಮ ಹೊಸ ವಿಷಯವಲ್ಲ. ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಮಂಡ್ಯದ ಗದ್ದೆಗಳಿಗೆ ಹರಿದ 1930ರ ದಶಕದಲ್ಲಿ ಮಲೇರಿಯಾ ಕೂಡ ಜೊತೆಗೆ ಬಂತು. ಆ ಕಾಲದ ಮಲೇರಿಯಾ ಅಧಿಕಾರಿಗಳು ಊರಲ್ಲಿ ರೋಗ ಎಷ್ಟಿದೆ ಎಂದು ಅಳೆಯುತ್ತಿದ್ದದ್ದೇ ಮಕ್ಕಳ ಹೊಟ್ಟೆ ಮುಟ್ಟಿ, ಎಷ್ಟು ಮಕ್ಕಳಲ್ಲಿ ಗುಲ್ಮ ಊದಿದೆ ಎಂಬ ಲೆಕ್ಕದಿಂದ. ಹಳಬರು ಅದನ್ನು ಜ್ವರಗಡ್ಡೆ ಎನ್ನುತ್ತಿದ್ದರು. ಈಗ ಇಲ್ಲಿ ಮಲೇರಿಯಾ ಅಪರೂಪವಾಗಿದೆ, ಆದರೆ ಮಂಗಳೂರು ಕಡೆ ಕೆಲಸಕ್ಕೆ ಹೋಗುವವರಲ್ಲಿ ಇವತ್ತಿಗೂ ನೋಡುತ್ತೇವೆ. ಗುಲ್ಮವಿಲ್ಲದವರಿಗೆ ಮಲೇರಿಯಾ ತೀವ್ರವಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಮಲೇರಿಯಾಕ್ಕೆ ಆರ್ಟಿಸುನೇಟ್ ಎಂಬ ಔಷಧ ಕೊಟ್ಟ ಮೇಲೆ ಸತ್ತ ಪರಾವಲಂಬಿಯನ್ನು ಕೆಂಪುಕಣದಿಂದ ಕಿತ್ತು ಹಾಕುವುದು ಗುಲ್ಮವೇ. ಅದಿಲ್ಲದವರ ಸ್ಮಿಯರ್‌ನಲ್ಲಿ ಆ ಅವಶೇಷ ಬಹಳ ದಿನ ಕಾಣುತ್ತಲೇ ಇರುತ್ತದೆ. ಔಷಧ ಹಿಡಿಯಲಿಲ್ಲವೆಂದು ಆತುರದಲ್ಲಿ ತೀರ್ಮಾನಿಸಬಾರದು.

ನಾಯಿ ವಿಚಾರ

ಈ ಮನೆಯ ಮಟ್ಟಿಗೆ ನನಗೆ ಹೆಚ್ಚು ಕಾಳಜಿ ನಾಯಿಗಳದು. ಹುಳು ಬಂದದ್ದು ಅವುಗಳಿಂದ. ಗುಲ್ಮ ಹೋದ ಮೇಲೆ ಅವುಗಳಿಂದಲೇ ಇನ್ನೊಂದು ಅಪಾಯ ಸೇರಿಕೊಂಡಿದೆ. ನಾಯಿಯ ಬಾಯಿಯಲ್ಲಿ ಸಹಜವಾಗಿರುವ ಕ್ಯಾಪ್ನೊಸೈಟೊಫಾಗಾ ಎಂಬ ಬ್ಯಾಕ್ಟೀರಿಯಾ ನಮಗೆಲ್ಲ ಸಾಮಾನ್ಯವಾಗಿ ಏನೂ ಮಾಡದು. ಗುಲ್ಮವಿಲ್ಲದವರಿಗೆ ಒಂದು ಕಡಿತ, ಕೆಲವೊಮ್ಮೆ ಗಾಯದ ಮೇಲೆ ನೆಕ್ಕಿದ್ದೂ ಸಾಕು, ನ್ಯೂಮೊಕಾಕಸ್‌ನಷ್ಟೇ ಬಿರುಸಾದ ರಕ್ತದ ಸೋಂಕಿಗೆ. ನಾಯಿ ಕಚ್ಚಿದರೆ ರೇಬೀಸ್ ಸೂಜಿ ಎಂಬುದು ಈಗ ಹಳ್ಳಿಹಳ್ಳಿಗೂ ಗೊತ್ತು. ಇವರು ಅದರ ಜೊತೆಗೆ ಆ ದಿನವೇ ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಶುರುಮಾಡಬೇಕು. ಚೀಟಿಯ ಹೊಸ ಪ್ರತಿಯಲ್ಲಿ ಈ ಸಾಲು ಸೇರಿಸಿದ್ದೇವೆ.

ನಾಯಿ ಬಿಟ್ಟುಬಿಡಿ ಎಂದು ಕುರಿ ಸಾಕುವವರಿಗೆ ಹೇಳುವುದು ಅನ್ಯಾಯ. ರಾತ್ರಿ ತೋಳ, ಚಿರತೆಗೆ ಮಂದೆ ಬಿಟ್ಟುಕೊಟ್ಟಂತೆ. ಈ ಲಾಡಿಹುಳು ನಾಯಿಯೊಳಗೆ ಬಲಿತು ಮೊಟ್ಟೆಯಿಡಲು ಆರೇಳು ವಾರ ಹಿಡಿಯುತ್ತದೆ, ಹಾಗಾಗಿ ಆರು ವಾರಕ್ಕೊಮ್ಮೆ ನಾಯಿಗೆ ಪ್ರಾಜಿಕ್ವಾಂಟೆಲ್ ಎಂಬ ಹುಳುಮಾತ್ರೆ ಕೊಟ್ಟರೆ ಮೊಟ್ಟೆಯಿಡುವ ಮುಂಚೆಯೇ ಹುಳು ಹೋಗುತ್ತದೆ. ನೀರುಗುಳ್ಳೆಯ ಈಲಿಯನ್ನು ಆಳ ಗುಂಡಿ ತೋಡಿ ಹೂಳಬೇಕು, ಇಲ್ಲವೇ ಅರ್ಧ ಗಂಟೆಗೂ ಹೆಚ್ಚು ಹೊತ್ತು ಕುದಿಸಿ ಹಾಕಬೇಕು. ಪಶುವೈದ್ಯರು ಮನೆಗೇ ಹೋಗಿ ಎರಡೂ ನಾಯಿಗೆ ಮೊದಲ ಡೋಸ್ ಕೊಟ್ಟುಬಂದರು. ಆಶಾ ಕಾರ್ಯಕರ್ತೆ ಮುಂದಿನ ಡೋಸ್‌ಗಳ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟಿದ್ದಾರೆ.

ಸದ್ಯದ ಸ್ಥಿತಿ

ತಪ್ಪಿಹೋಗಿದ್ದ 23 ತಳಿಗಳ ಲಸಿಕೆ ಆಗಿದೆ, ಮತ್ತೊಮ್ಮೆ 5 ವರ್ಷಕ್ಕೆ. ಮೆನಿಂಜೊಕಾಕಸ್‌ನ ಎರಡನೇ ಡೋಸ್ ಆಗಿದೆ, ಅದಕ್ಕೂ 5 ವರ್ಷಕ್ಕೊಮ್ಮೆ ಬೂಸ್ಟರ್. ಫ್ಲೂ ಸೂಜಿ ಪ್ರತಿ ವರ್ಷ. ಒಮ್ಮೆ ಇಂಥ ಸೋಂಕು ಬಂದವರು ಪೆನಿಸಿಲಿನ್ ಅನ್ನು ಜೀವನಪೂರ್ತಿ ಬಿಡಬಾರದು. ಮಗ ತಿಂಗಳಿಗೊಮ್ಮೆ ಮೈಸೂರಿನಿಂದ ಒಯ್ಯುತ್ತಾನೆ. ಜ್ವರದ ಇಂಜೆಕ್ಷನ್ ಕೊಟ್ಟಿದ್ದ ಕ್ಲಿನಿಕ್ಕಿಗೂ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಚೀಟಿಯ ಒಂದೊಂದು ಪ್ರತಿ ಹೋಗಿದೆ. ಎರಡೂ ಕಡೆ ಗೋಡೆಗೆ ಅಂಟಿಸಿಕೊಂಡಿದ್ದಾರೆ.

ಒಂದೇ ರೊಪ್ಪ, ಒಂದೇ ನಾಯಿಗಳ ನಡುವೆ ಬದುಕಿದ ಮನೆಯವರನ್ನೆಲ್ಲ ಸ್ಕ್ಯಾನಿಂಗ್‌ಗೆ ಕರೆಸಿದೆವು. ಮಗ, ಅತ್ತೆ ಇಬ್ಬರಿಗೂ ಏನೂ ಇಲ್ಲ. ಯಜಮಾನರ ಈಲಿಯಲ್ಲಿ 3 ಸೆಂಟಿಮೀಟರಿನ ಒಂದು ಗಡ್ಡೆ, ಸುತ್ತ ಪೂರ್ತಿ ಸುಣ್ಣಗಟ್ಟಿದ್ದು, ಸಿಇ5, ತಾನಾಗಿಯೇ ಸತ್ತ ಹುಳು. ಅದಕ್ಕೆ ಮಾತ್ರೆಯೂ ಬೇಡ, ಆಪರೇಷನ್ನೂ ಬೇಡ. ಮುಂದಿನ ಸಂಕ್ರಾಂತಿಗೆ ಹೆಂಡತಿಯ ಜೊತೆ ಬಂದು ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿಸಿಕೊಳ್ಳಬೇಕು.